ಹಲ್ಲಿನ ಬೇರಿಗೆ ಹಳದಿ ಮದ್ದು

ಹಲ್ಲು ಡಾಕ್ಟರು ಮಾದಗೌಡನ ಬಾಯೊಳಗಿಂದ ಹತ್ತಿಯ ಎಳೆಯೊಂದನ್ನು ಚಿಮಟದಲ್ಲಿ ಹಿಡಿದು ಹೊರಗೆಳೆದರು, ಮೂಗಿನ ಹತ್ತಿರ ತಂದು ಮೂಸಿದರು, ಆಮೇಲೆ ಕಣ್ಣು ಮುಚ್ಚಿಕೊಂಡು ಸ್ವಲ್ಪ ಹೊತ್ತು ಹಾಗೇ ನಿಂತರು. ಗೋಡೆ ಪಕ್ಕದ ಬೆಂಚಿನ ಮೇಲೆ ಕೂತಿದ್ದ ಕರಿಯಮ್ಮನಿಗೆ ಆ ನಿಲುವು ನೋಡಿಯೇ ಗೊತ್ತಾಯಿತು. ಈ ಸಲವೂ ಗಂಡನ ಹಲ್ಲು ವಾಸಿಯಾಗಿಲ್ಲ.

“ಮತ್ತೆ ಅದೇ ಕೊಳೆತ ವಾಸನೆ,” ಅಂದರು ಡಾಕ್ಟರು. “ಹೋದ ಸಲ ಹೇಗಿತ್ತೋ ಹಾಗೇ. ಅದರ ಹಿಂದಿನ ಸಲ ಹೇಗಿತ್ತೋ ಹಾಗೇ. ಗೌಡರೇ, ನಾನು ಇಡೋ ಮದ್ದು ಎಲ್ಲಿಗೆ ಹೋಗುತ್ತೆ?”

ಮಾದಗೌಡ ಬಾಯಿ ತೆರೆದುಕೊಂಡೇ “ಆ” ಅಂದ. ಅದು ಉತ್ತರವೂ ಆಗಿರಬಹುದು, ನೋವೂ ಆಗಿರಬಹುದು.

ಡಾಕ್ಟರ ಹೆಸರು ಬಾಲಸುಬ್ರಮಣಿಯನ್. ಕಲ್ಕತ್ತೆಯಲ್ಲಿ ಹಲ್ಲಿನ ವಿದ್ಯೆ ಕಲಿತು ಬಂದು ಊಟಿಯ ಮಾರ್ಕೆಟ್ಟಿಗೆ ಇಳಿಯುವ ರಸ್ತೆಯಲ್ಲಿ ಒಂದು ಕೋಣೆ ಹಿಡಿದಿದ್ದರು. ಹೊಲಿಗೆ ಯಂತ್ರದ ಹಾಗೆ ಕಾಲಲ್ಲಿ ತುಳಿಯುವ ಒಂದು ಯಂತ್ರ, ಹಿಂದಕ್ಕೆ ವಾಲುವ ಒಂದು ಕುರ್ಚಿ, ಗಾಜಿನ ಬೀರು ತುಂಬ ಶೀಷೆಗಳು. ಬೇರೆ ಯಾರ ಹತ್ತಿರ ಹೋದರೂ ನೋಯುವ ಹಲ್ಲನ್ನು ಕಿತ್ತು ಕೈಗೆ ಕೊಡುತ್ತಿದ್ದ ಕಾಲವದು. ದೊರೆಗಳ ಆಸ್ಪತ್ರೆಯ ಡಾಕ್ಟರೂ ಮಾದಗೌಡನ ಬಾಯಿ ನೋಡಿ, “ಕೀಳಬೇಕು” ಅಂತ ಒಂದೇ ಮಾತು ಹೇಳಿದ್ದ. ಇವರು ಮಾತ್ರ, ಬೇರು ಗಟ್ಟಿಯಾಗಿದೆ, ಹಲ್ಲನ್ನು ಉಳಿಸೋಣ ಅಂದಿದ್ದರು. ಅದಕ್ಕೇ ಗಂಡ ಹೆಂಡತಿ ಇಬ್ಬರೂ ಹಟ್ಟಿಯಿಂದ ಕಣಿವೆ ಇಳಿದು ಹತ್ತಿ, ಕೋತಗಿರಿ ರಸ್ತೆಯಲ್ಲಿ ಬಸ್ಸಿಗೆ ಕಾದು, ಇಷ್ಟು ದೂರ ಬರುತ್ತಿದ್ದರು.

ಕೀಳಿಸುವುದಕ್ಕೆ ಮಾದಗೌಡ ಯಾಕೆ ಒಪ್ಪಲಿಲ್ಲ ಅನ್ನುವುದು ಹಟ್ಟಿಗೆಲ್ಲ ಗೊತ್ತಿದ್ದ ಸಂಗತಿ. ಅವನ ಅಣ್ಣ ಸಂತೆಯಲ್ಲಿ ಒಬ್ಬನ ಕೈಯಲ್ಲಿ ಹಲ್ಲು ಕೀಳಿಸಿಕೊಂಡು ನಗುನಗುತ್ತಾ ಮನೆಗೆ ಬಂದಿದ್ದ. ಆಮೇಲೆ ಕತ್ತು ಊದಿತು, ನೀರು ಗಂಟಲಲ್ಲಿ ಇಳಿಯದೆ ಹೋಯಿತು, ಮುಂದಿನ ಸಂತೆಯ ಹೊತ್ತಿಗೆ ಮಣ್ಣಿಗೆ ಸೇರಿದ. ಆ ಕತ್ತನ್ನು ಕರಿಯಮ್ಮನೂ ನೋಡಿದ್ದಳು. ಗಂಡನ ಕೆಳದವಡೆಯ ಹಲ್ಲಿನ ಬುಡದಲ್ಲಿ ಕೀವಿನ ಗುಳ್ಳೆ ಎದ್ದ ದಿನದಿಂದ ಅವಳ ಕಣ್ಣು ಹಲ್ಲಿನ ಮೇಲೆ ಇರಲಿಲ್ಲ, ಅವನ ಕತ್ತಿನ ಮೇಲಿತ್ತು.

“ಅಮ್ಮಾ, ಇಲ್ಲಿ ಬನ್ನಿ,” ಅಂತ ಡಾಕ್ಟರು ಅವಳನ್ನು ಕರೆದರು. ತಮಿಳಿನಲ್ಲೇ ಹೇಳಿದರು. ಊಟಿಯ ಮಾರ್ಕೆಟ್ಟಿನಲ್ಲಿ ಉರುಳಗಡ್ಡೆ ಮಾರಿ ಮಾರಿ ಕರಿಯಮ್ಮನಿಗೂ ಆ ಮಾತು ಚೆನ್ನಾಗಿಯೇ ಬರುತ್ತಿತ್ತು. “ತೊರೆಯೊಳಗಿನ ಕಲ್ಲು ಮುಟ್ಟಿದ್ದೀರಲ್ಲ, ಜಾರುತ್ತಲ್ಲ, ಆ ಲೋಳೆ ನೋಡಿದ್ದೀರಲ್ಲ?”

“ನೋಡಿದ್ದೀನಿ. ಬಿದ್ದೂ ಇದ್ದೀನಿ.”

“ಅಂಥದೇ ಲೋಳೆ ಇವರ ಹಲ್ಲಿನ ಬೇರೊಳಗಿನ ಕೊಳವೆಗೆ ಹತ್ತಿದೆ. ಕ್ರಿಮಿಗಳು ಆ ಲೋಳೆಯನ್ನು ಕಂಬಳಿ ಹೊದ್ದ ಹಾಗೆ ಹೊದ್ದು ಒಳಗೆ ಬೆಚ್ಚಗೆ ಕೂತಿವೆ. ಬರೀ ಮದ್ದಿನ ನೀರು ಬಿಟ್ಟರೆ ಅವಕ್ಕೆ ಮಳೆ ಬಂದು ಹೋದ ಹಾಗೆ, ಅಷ್ಟೆ. ಮೊದಲು ಕೆರೆದು ಕೆರೆದು ತೆಗೀಬೇಕು. ಆಮೇಲೆ ಈ ಹಳದಿ ಮದ್ದನ್ನು ಒಳಗೆ ತುಂಬಿ ಬಾಗಿಲು ಹಾಕಬೇಕು. ಅದು ಅಲ್ಲೇ ಕೂತು, ಅಳಿದುಳಿದದ್ದನ್ನೆಲ್ಲ ನಿಧಾನಕ್ಕೆ ಸಾಯಿಸುತ್ತೆ. ಕಲ್ಕತ್ತೆಯಲ್ಲಿ ಸಾಯಿಸುತ್ತೆ. ಮದ್ರಾಸಿನಲ್ಲಿ ಸಾಯಿಸುತ್ತೆ. ನಿಮ್ಮ ಯಜಮಾನರ ಬಾಯಲ್ಲಿ ಮಾತ್ರ ಇಲ್ಲ.”

“ನಿಮ್ಮ ಮದ್ದು ಹಳೇದಾಗಿರಬೇಕು,” ಅಂದಳು ಕರಿಯಮ್ಮ.

“ಮದ್ದು ಹೊಸದಮ್ಮ. ನನಗೆ ವಯಸ್ಸಾಗ್ತಿದೆ, ಇವರ ದೆಸೆಯಿಂದ.”

ಡಾಕ್ಟರು ಮತ್ತೆ ಯಂತ್ರ ತುಳಿದರು, ಮತ್ತೆ ಸೂಜಿಯಂಥ ಕಡ್ಡಿಗಳಿಂದ ಕೆರೆದರು. ಗಾಜಿನ ತಟ್ಟೆಯ ಮೇಲೆ ಹಳದಿ ಪುಡಿಗೆ ಕರ್ಪೂರದ ಘಾಟಿನ ಎಣ್ಣೆಯೊಂದನ್ನು ಬಿಟ್ಟು ಅರೆದು, ಬೆಣ್ಣೆಯ ಹದಕ್ಕೆ ತಂದು, ಹತ್ತಿಯ ಎಳೆಗೆ ಸವರಿ ಬೇರೊಳಗೆ ಇಳಿಸಿದರು. ಮೇಲೆ ಮೇಣದಂಥ ನಸುಗೆಂಪು ಮುಚ್ಚಳವನ್ನು ದೀಪಕ್ಕೆ ಹಿಡಿದು ಮೆದುಮಾಡಿ ಒತ್ತಿದರು. ಕೋಣೆಯ ತುಂಬ ಆಸ್ಪತ್ರೆ ವಾಸನೆ. ಹೊರಡುವಾಗ ದವಡೆಯ ಕೆಳಗೆ ಬೆರಳಿಟ್ಟು ಒತ್ತಿ ನೋಡಿದರು, ಅವರ ಮುಖ ಚಿಕ್ಕದಾಯಿತು.

“ಇಲ್ಲೊಂದು ಗಂಟು ಬಂದಿದೆ. ಹೋದ ಸಲ ಇರಲಿಲ್ಲ. ಮುಂದಿನ ಸಲವೂ ಹೀಗೇ ಇದ್ದರೆ ನಾನೇ ಕಿತ್ತುಬಿಡ್ತೀನಿ. ಕತ್ತಿಗೆ ಇಳಿಯೋ ತನಕ ಕಾಯೋಕೆ ಆಗಲ್ಲ.”

ಬಸ್ಸಿನಲ್ಲಿ ದಾರಿಯುದ್ದಕ್ಕೂ ಕರಿಯಮ್ಮ ತಲೆ ಕೆಡಿಸಿಕೊಂಡಳು. ಕದ್ದು ಎಲೆಯಡಿಕೆ ಹಾಕುತ್ತಾನೋ? ಹುರಿದ ಅವರೆ ಕಡಿಯುತ್ತಾನೋ? ರಾಗಿ ಅಂಬಲಿ, ಮೆತ್ತನೆ ಕೀರೆಸೊಪ್ಪಿನ ಸಾರು ಬಿಟ್ಟು ಬೇರೆ ಏನನ್ನೂ ಅವಳು ಬಡಿಸುತ್ತಿರಲಿಲ್ಲ. ಅವನಿಗೋಸ್ಕರ ಅವಳೂ ಅದನ್ನೇ ತಿಂದು ನಾಲಗೆ ಸತ್ತುಹೋಗಿತ್ತು.

“ನಿಜ ಹೇಳು. ಆ ಹಲ್ಲಲ್ಲಿ ಏನಾದರೂ ಕಡೀತೀಯಾ?”

“ಹೆತ್ತೆಯಾಣೆ ಇಲ್ಲ.”

ಕುಲದೇವತೆ ಹೆತ್ತೆಯ ಮೇಲೆ ಆಣೆ ಹಾಕಿದರೆ ಅವನು ಸುಳ್ಳು ಹೇಳುವವನಲ್ಲ. ಅದೇ ಅವಳಿಗೆ ಇನ್ನೂ ದೊಡ್ಡ ತಲೆನೋವಾಯಿತು.

ಅವರ ಮನೆ ಹಟ್ಟಿಯ ಸಾಲಿನಲ್ಲಿ ಕೊನೆಯದು. ಎಲ್ಲ ಹಳೇ ಮನೆಗಳ ಹಾಗೆ ಅದರೊಳಗೂ ಹಾಲು ಇಡುವುದಕ್ಕೇ ಅಂತ ಒಂದು ಕತ್ತಲೆ ಕೋಣೆ ಇತ್ತು. ಅದಕ್ಕೆ ಹಾಗೊಟ್ಟು ಅನ್ನುತ್ತಾರೆ. ಎಮ್ಮೆ ಕರೆದ ಹಾಲು ಮೊದಲು ಅಲ್ಲಿಗೆ ಹೋಗಬೇಕು. ಹೆಂಗಸರು ಅದರೊಳಗೆ ಕಾಲಿಡುವ ಹಾಗಿಲ್ಲ. ಮನೆತನದ ಗಂಡಸು, ಅದೂ ಹಾಲು ಕರೆಯುವ ಶಾಸ್ತ್ರ ಆದವನು, ಸ್ನಾನ ಮಾಡಿ ಮಡಿಯಲ್ಲಿ ಹೋಗಬೇಕು. ಕರಿಯಮ್ಮ ಮದುವೆಯಾಗಿ ಬಂದು ಇಬ್ಬರು ಹೆಣ್ಣುಮಕ್ಕಳನ್ನು ಸಾಕಿ ಮದುವೆ ಮಾಡಿ ಕಳಿಸಿದ್ದಳು, ಆದರೂ ತನ್ನ ಮನೆಯ ಆ ಕೋಣೆಯ ಒಳಗೋಡೆಯ ಬಣ್ಣ ಏನು ಅಂತ ಅವಳಿಗೆ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಸದ್ದು ಮತ್ತು ವಾಸನೆ. ಬಿದಿರಿನ ಕೊಳಗವನ್ನು ನೆಲಕ್ಕಿಡುವ ಸದ್ದು, ಬೆಣ್ಣೆ ಕಡೆಯುವ ಸದ್ದು, ಹೊಗೆ ಹಾಕಿದ ವಾಸನೆ.

ಊಟಿಯಿಂದ ಬಂದ ಮಾರನೆಯ ಬೆಳಿಗ್ಗೆ ಅವಳು ಹೊರಕೋಣೆ ಗುಡಿಸುತ್ತಿದ್ದಳು. ಹಾಗೊಟ್ಟಿನ ಬಾಗಿಲು ಮುಚ್ಚಿತ್ತು, ಮಾದಗೌಡ ಒಳಗಿದ್ದ. ಬಾಗಿಲ ಪಕ್ಕದ ಗೋಡೆಯ ಗೂಡಿನಲ್ಲಿ ಮಡಿಸಿದ ಎಲೆಯೊಂದು ಕಂಡಿತು. ಇಲಿ ತಂದಿಟ್ಟದ್ದಿರಬೇಕು ಅಂತ ಎಸೆಯಲು ಕೈ ಹಾಕಿದಳು. ಮೂಗಿಗೆ ಆಸ್ಪತ್ರೆ ಹೊಡೆಯಿತು. ಬಿಡಿಸಿ ನೋಡಿದರೆ ಒಳಗೆ ಹಳದಿ ಹತ್ತಿಯ ಎಳೆ, ಪಕ್ಕದಲ್ಲಿ ಆ ನಸುಗೆಂಪು ಮೇಣದ ಮುಚ್ಚಳ. ಹಲ್ಲಿನ ಗುರುತು ಸಮೇತ.

ಮಾದಗೌಡ ಹೊರಗೆ ಬಂದಾಗ ಅವಳು ಕಸಬರಿಕೆಯನ್ನು ಒಂದು ಕೈಯಲ್ಲೂ ಎಲೆಯನ್ನು ಇನ್ನೊಂದು ಕೈಯಲ್ಲೂ ಹಿಡಿದು ನಿಂತಿದ್ದಳು.

“ಇದೇನು?”

“ಮದ್ದು.”

“ಬಾಯಲ್ಲಿರಬೇಕಾದ್ದು ಗೂಡಲ್ಲಿ ಯಾಕಿದೆ?”

“ಹಾಗೊಟ್ಟಿಗೆ ಹೋಗುವಾಗ ಬಿಚ್ಚಿಡ್ತೀನಿ. ಚಪ್ಪಲಿ ಬಿಚ್ಚಿಡ್ತೀನಲ್ಲ, ರುಮಾಲು ಬಿಚ್ಚಿಡ್ತೀನಲ್ಲ, ಹಾಗೆ.” ಮಾದಗೌಡ ಎಲೆಗೆ ಕೈ ಚಾಚಿದ. “ಕೊಡು, ಹಾಕ್ಕೊಳ್ಳೋ ಹೊತ್ತಾಯ್ತು. ಒಂದು ದಿನವೂ ಹಾಕ್ಕೊಳ್ಳದೆ ಬಿಟ್ಟಿಲ್ಲ ನಾನು.”

ಹೇಳುವಾಗ ಅವನ ದನಿಯಲ್ಲಿ ಸ್ವಲ್ಪ ಹೆಮ್ಮೆಯೂ ಇತ್ತು. ಕರಿಯಮ್ಮ ಜಗಲಿಯ ಮೇಲೆ ಕೂತಳು. ನಿಂತು ಕೇಳುವ ಮಾತಾಗಿರಲಿಲ್ಲ ಅದು.

“ದಿನಾನಾ?”

“ಬೆಳಿಗ್ಗೆ ಒಂದು ಸಲ, ಸಾಯಂಕಾಲ ಒಂದು ಸಲ. ಆ ವಾಸನೆ ಇಟ್ಕೊಂಡು ಹಾಲಿನ ಹತ್ತಿರ ಹೋಗೋಕಾಗುತ್ತಾ? ಮೊದಲ ದಿನ ಹಾಗೇ ಹೋಗಿದ್ದೆ. ನಮ್ಮ ಮುತ್ತಿ ಎಮ್ಮೆ ನನ್ನ ಮುಖ ಮೂಸಿ ತಲೆ ಕೊಡವಿತು, ಒಂದು ತೊಟ್ಟು ಹಾಲು ಇಳಿಸಲಿಲ್ಲ. ಎಮ್ಮೆಗೇ ಬೇಡವಾದ್ದು ಹೆತ್ತೆಗೆ ಬೇಕಾ?”

“ಹೇಗೆ ತೆಗೀತೀಯಾ?”

ಸೊಂಟದ ದಾರದಲ್ಲಿ ತೂಗುತ್ತಿದ್ದ ಕಿವಿಗುಗ್ಗೆ ತೆಗೆಯುವ ಬೆಳ್ಳಿ ಕಡ್ಡಿಯನ್ನು ಮಾದಗೌಡ ಎತ್ತಿ ತೋರಿಸಿದ. “ಆಮೇಲೆ ತೊರೆ ನೀರಲ್ಲಿ ಚೆನ್ನಾಗಿ ತೊಳೆದು, ಮೇಣಕ್ಕೆ ಕೆಂಡದ ಕಾವು ತೋರಿಸಿ, ಒತ್ತಿಕೊಳ್ತೀನಿ. ಡಾಕ್ಟರು ಮಾಡಿದ ಹಾಗೇ.”

“ತೊಳೀತೀಯಾ. ಮದ್ದನ್ನ.”

“ತೊಳೀದೆ ಬಾಯಿಗೆ ಹಾಕ್ಕೊಳ್ಳೋದಾ? ನಾನೇನು ಅಷ್ಟು ಗಲೀಜು ಮನುಷ್ಯನಾ?”

ಈ ಮನುಷ್ಯನ ಮೇಲೆ ಕೂಗಾಡುವುದೂ ಕಷ್ಟ. ಕಳ್ಳತನ ಮಾಡಿದ್ದರೆ ಬೈಯಬಹುದಿತ್ತು. ಇವನು ಡಾಕ್ಟರಿಗೂ ಮೋಸ ಮಾಡದೆ, ಹೆತ್ತೆಗೂ ಮೋಸ ಮಾಡದೆ, ಎರಡು ಕಡೆಗೂ ನಿಯತ್ತಾಗಿ ನಡೆದು ತನ್ನ ಕತ್ತಿಗೆ ತಾನೇ ಕೀವು ಇಳಿಸಿಕೊಳ್ಳುತ್ತಿದ್ದ.

ಅದೇ ದಿನ ಮತ್ತೆ ಬಸ್ಸು ಹತ್ತಿಸಿದಳು. ಡಾಕ್ಟರು ಎಲ್ಲವನ್ನೂ ಕೇಳಿದರು. ಬಿಚ್ಚಿಡುವುದನ್ನು ಕೇಳುವಾಗ ತಲೆ ಅಲ್ಲಾಡಿಸಿದರು. ಕಿವಿ ಕಡ್ಡಿಯನ್ನು ಕೇಳುವಾಗ ಹಣೆ ಹಿಡಿದುಕೊಂಡರು. ತೊರೆ ನೀರಿಗೆ ಬಂದಾಗ ರೋಗಿಗಳು ಕೂರುವ ಕುರ್ಚಿಯಲ್ಲಿ ತಾವೇ ಕೂತುಬಿಟ್ಟರು.

“ತೊರೆ ನೀರು,” ಅಂದರು. “ನಾನು ಲೋಳೆಗೆ ತೊರೆ ಕಲ್ಲಿನ ಉದಾಹರಣೆ ಕೊಟ್ಟೆ. ಇವರು ತೊರೆಯನ್ನೇ ತಂದು ಹಲ್ಲೊಳಗೆ ಬಿಟ್ಟಿದ್ದಾರೆ.”

“ಶುದ್ಧ ನೀರು ಸ್ವಾಮಿ,” ಅಂದ ಮಾದಗೌಡ. “ನಮ್ಮ ಎಮ್ಮೆ ಕೂಡ ಅದನ್ನೇ ಕುಡಿಯೋದು.”

ಡಾಕ್ಟರು ಕರಿಯಮ್ಮನ ಕಡೆ ನೋಡಿದರು. ಕರಿಯಮ್ಮ ಕಿಟಕಿಯ ಕಡೆ ನೋಡಿದಳು.

ಮತ್ತೆ ಕೆರೆದು, ಮತ್ತೆ ತುಂಬಿ, ಈ ಸಲ ಮೇಣದ ಬದಲು ಗಟ್ಟಿ ಸಿಮೆಂಟಿನ ಮುಚ್ಚಳ ಹಾಕಿದರು. “ಇದು ಕೊನೆ ಸಲ. ನಾನು ತೆರೆಯೋ ತನಕ ಇದನ್ನ ಯಾರೂ ಮುಟ್ಟಬಾರದು. ಮುಟ್ಟಿದರೆ ಹಲ್ಲು ಕೀಳ್ತೀನಿ. ಗಂಟು ಹೀಗೇ ಬೆಳೆದರೆ, ಕಿತ್ತರೂ ಆಮೇಲೆ ನಾನು ಮಾತು ಕೊಡಲಾರೆ.”

ಬಸ್ಸಿಳಿದು ಹಟ್ಟಿಯ ದಾರಿ ಹಿಡಿದಾಗ ಮಾದಗೌಡ ಹೇಳಿದ, “ಸರಿ. ಮುಟ್ಟಲ್ಲ. ಆದರೆ ಹಾಗೊಟ್ಟಿಗೂ ಹೋಗಲ್ಲ. ಎಮ್ಮೆ ಕರೆಯೋರು ಯಾರು?”

ಅದೇ ಕಷ್ಟ. ಗಂಡುಮಕ್ಕಳಿಲ್ಲದ ಮನೆ. ಮನೆತನದಲ್ಲಿ ಶಾಸ್ತ್ರವಾದ ಗಂಡಸು ಅಂತ ಹತ್ತಿರದಲ್ಲಿ ಉಳಿದವನು ಒಬ್ಬನೇ, ಸತ್ತ ಅಣ್ಣನ ಮಗ ಧರ್ಮಲಿಂಗ. ಅವನು ತನ್ನ ಪಾಲಿನ ಎಮ್ಮೆಗಳನ್ನು ಮಾರಿ, ಅವು ಮೇಯುತ್ತಿದ್ದ ಇಳಿಜಾರಿಗೆಲ್ಲ ಟೀ ಗಿಡ ಇಟ್ಟಿದ್ದ. ಅವತ್ತು ಮಾದಗೌಡ ಹತ್ತು ಜನರ ಮುಂದೆ, “ಟೀ ಎಲೆ ಕಿತ್ತ ಕೈಯಲ್ಲಿ ನನ್ನ ಹಾಗೊಟ್ಟಿನ ಬಾಗಿಲು ಮುಟ್ಟಬೇಡ” ಅಂದುಬಿಟ್ಟಿದ್ದ. ಆಮೇಲಿಂದ ಚಿಕ್ಕಪ್ಪ ಮಗ ಒಬ್ಬರನ್ನೊಬ್ಬರು ಕಂಡರೆ ಬೆಟ್ಟ ನೋಡುತ್ತಾ ಹೋಗುತ್ತಿದ್ದರು.

ಕರಿಯಮ್ಮ ಧರ್ಮಲಿಂಗನ ಟೀ ತೋಟಕ್ಕೆ ಹೋದಳು. ಅವನು ಕೇಳಿ ನಕ್ಕ. “ಚಿಕ್ಕಮ್ಮಾ, ನನ್ನ ಕೈಗೆ ಟೀ ವಾಸನೆಯಂತಲ್ಲ. ಈಗ ಅವರ ಬಾಯಿಗೆ ಏನು ವಾಸನೆಯಂತೆ?”

“ಕೆಣಕಬೇಡ ಕಣೋ. ನಿಮ್ಮಪ್ಪನ ಕತ್ತು ನೆನಪಿದೆಯಾ?”

ಧರ್ಮಲಿಂಗ ನಗುವುದನ್ನು ನಿಲ್ಲಿಸಿದ. “ಬರ್ತೀನಿ. ಆದರೆ ಬೇಡ ಅಂದವರೇ ಬಾ ಅನ್ನಬೇಕು.”

“ನಾನು ಅನ್ನಲ್ಲ,” ಅಂದ ಮಾದಗೌಡ ಮನೆಯಲ್ಲಿ. “ಎಮ್ಮೆಗಳನ್ನ ಮಾರಿದವನ ಕೈಗೆ ಎಮ್ಮೆ ಕೊಡೋದಾ? ನಾಳೆಯಿಂದ ಬೆಳ್ಳಿ ಕಡ್ಡಿ ಬೇಡ, ಗಟ್ಟಿ ಮುಳ್ಳಿನಿಂದ ತೆಗೆದು—”

“ತೆಗಿ,” ಅಂದಳು ಕರಿಯಮ್ಮ. ಅಷ್ಟು ದಿನ ತಡೆದುಕೊಂಡಿದ್ದಳು, ಈಗ ದನಿ ಏರಲಿಲ್ಲ, ಇನ್ನೂ ತಗ್ಗಿತು. “ತೆಗಿ. ನಾನು ಬಿಳಿ ಬಟ್ಟೆ ಒಗೆದು ಒಣಗಿಸಿ ಇಡ್ತೀನಿ. ನಿಮ್ಮಣ್ಣನಿಗೆ ಬಟ್ಟೆ ಸಮಯಕ್ಕೆ ಸಿಗಲಿಲ್ಲ.”

ಮಾದಗೌಡನ ಕೈ ಕತ್ತಿಗೆ ಹೋಯಿತು. ಅವಳು ಬಿಡಲಿಲ್ಲ.

“ಒಂದು ಮಾತು ಕೇಳ್ತೀನಿ. ನಿನ್ನ ಹಾಗೊಟ್ಟಿನ ಬಿದಿರ ಕೊಳಗ ಒಂದೊಂದು ಸಲ ಹಾಳಾಗುತ್ತಲ್ಲ. ನಾನು ಕಣ್ಣಲ್ಲಿ ನೋಡಿಲ್ಲ, ಮೂಗಿಗೆ ಗೊತ್ತು. ಹಾಕಿದ ಹಾಲೆಲ್ಲ ಹುಳಿ ತಿರುಗುತ್ತೆ. ಆಗ ಏನ್ಮಾಡ್ತೀಯಾ?”

“ತಳದಲ್ಲಿ ಲೋಳೆ ಕಟ್ಟಿರುತ್ತೆ. ಬೂದಿ ಹಾಕಿ ಉಜ್ಜಿ ಹೊಗೆಗೆ ಕಟ್ತೀನಿ.”

“ನಾಳೆಯೇ ಇಳಿಸಿ ಹಾಲು ಕರೀತೀಯಾ?”

“ನಾಳೆಯೇ ಇಳಿಸಿದರೆ ಮತ್ತೆ ಲೋಳೆ ಕಟ್ಟುತ್ತೆ. ಪೂರಾ ಒಣಗಬೇಕು. ಅಲ್ಲೀ ತನಕ ಬೇರೆ ಕೊಳಗ ಇಟ್ಕೊಳ್ತೀನಿ. ಇಷ್ಟೂ ಗೊತ್ತಿಲ್ವಾ ನಿನಗೆ?”

“ನನಗೆ ಗೊತ್ತು,” ಅಂದಳು ಕರಿಯಮ್ಮ. “ಈಗ ಹೊಗೆಗೆ ಕಟ್ಟಿರೋ ಕೊಳಗ ನೀನೇ. ಒಣಗೋ ತನಕ ಬೇರೆಯವನು ಬರಲಿ.”

ಮಾದಗೌಡ ಬಹಳ ಹೊತ್ತು ಒಲೆಯ ಮೇಲಿನ ಹೊಗೆಯನ್ನೇ ನೋಡುತ್ತಾ ಕೂತ. ಆಮೇಲೆ ರುಮಾಲು ಸುತ್ತಿಕೊಂಡು ಹೊರಟ. ಟೀ ತೋಟದ ಬೇಲಿಯ ಆಚೆ ನಿಂತು, ಧರ್ಮಲಿಂಗನ ಮುಖ ನೋಡದೆ, ಟೀ ಗಿಡಗಳ ಮುಖವೂ ನೋಡದೆ, “ಸಾಯಂಕಾಲ ಎಮ್ಮೆ ಕರೆಯೋಕೆ ಬಾ. ಸ್ನಾನ ಮಾಡಿ ಬಾ” ಅಂದ.

“ಅಯ್ಯೋ ಚಿಕ್ಕಪ್ಪಾ,” ಅಂದ ಧರ್ಮಲಿಂಗ ಮೂಗು ಮುಚ್ಚಿಕೊಂಡು. “ನೀವು ಬರೋ ಮೊದಲೇ ನಿಮ್ಮ ಬಾಯಿ ಬಂತು.”

ಆದರೂ ಬಂದ. ಸ್ನಾನ ಮಾಡಿಯೇ ಬಂದ.

ಆಮೇಲಿನ ದಿನಗಳು ಕರಿಯಮ್ಮನ ಪಾಲಿಗೆ ಹಲ್ಲುನೋವಿನ ದಿನಗಳಿಗಿಂತ ದೊಡ್ಡ ಶಿಕ್ಷೆಯಾದವು. ಎಮ್ಮೆ ಮುತ್ತಿ ಧರ್ಮಲಿಂಗನನ್ನು ಒದೆಯಿತು. ಮಾದಗೌಡ ಕೊಟ್ಟಿಗೆಯ ಗೋಡೆಯಾಚೆ, ಗಾಳಿ ಎಮ್ಮೆಯ ಕಡೆ ಬೀಸದ ಜಾಗ ಹುಡುಕಿ ಕೂತು, ಹೊತ್ತು ಗೊತ್ತಿಲ್ಲದೆ ಬುದ್ಧಿ ಹೇಳಿದ. ಎಡಗಡೆಯಿಂದ ಹೋಗು. ಮೊದಲು ಬೆನ್ನು ಸವರು. ಹೆಸರು ಹಿಡಿದು ಕರಿ. ಟೀ ಗಿಡ ಹಿಡಿದ ಹಾಗೆ ಹಿಡಿಯಬೇಡ, ಅದಕ್ಕೆ ಜೀವ ಇದೆ.

“ಚಿಕ್ಕಮ್ಮಾ,” ಅಂತ ಕೂಗಿದ ಧರ್ಮಲಿಂಗ ಒಳಗಿಂದ. “ಡಾಕ್ಟರು ಇವರಿಗೆ ಬಾಯಿ ಮುಚ್ಚಿಕೊಂಡಿರು ಅಂತ ಹೇಳಲಿಲ್ವಾ?”

“ಅಂಥ ಸಿಮೆಂಟು ಇನ್ನೂ ಊಟಿಗೆ ಬಂದಿಲ್ಲವಂತೆ,” ಅಂದಳು ಕರಿಯಮ್ಮ.

ದಿನಾ ಬೆಳಿಗ್ಗೆ ಅವಳು ಗಂಡನನ್ನು ಬೆಳಕಿಗೆ ನಿಲ್ಲಿಸಿ ದವಡೆಯ ಕೆಳಗೆ ಬೆರಳಿಡುತ್ತಿದ್ದಳು. ಗಂಟು ಮೊದಲು ಅವರೆಬೀಜದಷ್ಟಿತ್ತು. ಬೆಳೆಯಲಿಲ್ಲ. ಆಮೇಲೆ ಸಾಸಿವೆಯಷ್ಟಾಯಿತು. ಒಂದು ಬೆಳಿಗ್ಗೆ ಹುಡುಕಿದರೂ ಸಿಗಲಿಲ್ಲ. ಅವಳು ಯಾರಿಗೂ ಹೇಳದೆ ಮತ್ತೊಮ್ಮೆ ಹುಡುಕಿದಳು, ಆಮೇಲೆ ಅವನ ಮುಖವನ್ನು ಸ್ವಲ್ಪ ಜೋರಾಗಿಯೇ ಪಕ್ಕಕ್ಕೆ ತಳ್ಳಿ ಒಲೆಯ ಕಡೆ ಹೋದಳು.

ಊಟಿಯಲ್ಲಿ ಡಾಕ್ಟರು ಸಿಮೆಂಟು ಒಡೆದು ಹತ್ತಿ ಹೊರಗೆಳೆದರು. ಮೂಸಿದರು. ಇನ್ನೊಮ್ಮೆ ಮೂಸಿದರು. ಕರಿಯಮ್ಮನ ಮೂಗಿಗೂ ಹಿಡಿದರು. ಕರ್ಪೂರ, ಹಳದಿ ಮದ್ದಿನ ಘಾಟು, ಅಷ್ಟೆ. ಕೊಳೆತದ್ದು ಇರಲಿಲ್ಲ. ಹೊಸ ಎಳೆ ಇಳಿಸಿ ತೆಗೆದರು, ಅದು ಒಣಗಿಯೇ ಬಂತು.

“ಸತ್ತವು,” ಅಂದರು ಡಾಕ್ಟರು, ಹತ್ತಿರದವರ ಮದುವೆ ಸುದ್ದಿ ಹೇಳುವ ಹಾಗೆ. ಬೇರು ತುಂಬ ಮತ್ತೆ ಮದ್ದು ತುಂಬಿ, ಮೇಲೆ ಲವಂಗದೆಣ್ಣೆಯಲ್ಲಿ ಕಲಸಿದ ಬಿಳಿ ಮಣ್ಣಿನಂಥದ್ದನ್ನು ಒತ್ತಿ ಬೇರಿನ ಬಾಯಿ ಮುಚ್ಚಿದರು, ಅದರ ಮೇಲೊಂದು ಗಟ್ಟಿ ಮುಚ್ಚಳ.

ಮಾದಗೌಡ ಬಾಯಿ ತೊಳೆದು ಕೇಳಿದ, “ಇದನ್ನ ಯಾವಾಗ ತೆಗೀತೀರಾ?”

“ತೆಗೆಯೋದೇ ಇಲ್ಲ ಗೌಡರೇ. ನೀವಿರೋ ತನಕ ನಿಮ್ಮ ಜೊತೆ ಇರುತ್ತೆ.”

ಅವನ ಮುಖ ಇಳಿಯಿತು. ಡಾಕ್ಟರು ನೋಡಲಿಲ್ಲ, ಕರಿಯಮ್ಮ ನೋಡಿದಳು. ಬಸ್ಸಿಗೆ ಕಾಯುವ ಜಾಗದ ತನಕ ಅವನು ಕೆನ್ನೆ ಹಿಡಿದುಕೊಂಡೇ ನಡೆದ. ಅಲ್ಲಿ ನಿಂತು, “ಹಾಗಾದರೆ ನಾನು ಸಾಯೋ ತನಕ ಹಾಗೊಟ್ಟಿಗೆ ಹೋಗೋ ಹಾಗಿಲ್ಲ” ಅಂದ.

ಕರಿಯಮ್ಮ ಕೈಯಲ್ಲಿದ್ದ ಬಟ್ಟೆಗಂಟನ್ನು ನೆಲಕ್ಕಿಟ್ಟಳು. ಎದುರಿಗೆ ಮಾರ್ಕೆಟ್ಟಿನ ಗದ್ದಲ, ಕುದುರೆ ಗಾಡಿಗಳು, ಕೂಲಿಗಳು. ಇಲ್ಲೇ ಕೂತು ಅತ್ತುಬಿಡೋಣ ಅನ್ನಿಸಿತು. ಇವನ ಕತ್ತು ಉಳಿಸಲು ಬಸ್ಸು ಹತ್ತಿ ಇಳಿದು ಸಾಕಾಗಿತ್ತು, ಇನ್ನು ಇವನ ಹಟಕ್ಕೆ ಯಾವ ಡಾಕ್ಟರು?

“ಬೆಳಿಗ್ಗೆ ಅಂಬಲಿ ಕುಡಿದೆಯಲ್ಲ,” ಅಂದಳು, ಒಂದೊಂದೇ ಮಾತು ಬಿಡಿಸಿ. “ಎಲ್ಲಿದೆ ಅದು?”

“ಹೊಟ್ಟೆಯಲ್ಲಿ.”

“ಹಾಗೊಟ್ಟಿಗೆ ಹೋಗುವಾಗ ಹೊಟ್ಟೆ ಬಿಚ್ಚಿ ಗೂಡಲ್ಲಿಡ್ತೀಯಾ?”

“ಅದು ಒಳಗಿರೋದು. ಒಳಗಿರೋದಕ್ಕೆ ಮೈಲಿಗೆ ಇಲ್ಲ.”

“ಇದೂ ಒಳಗೇ ಇರೋದು. ಗೋಡೆ ಕಟ್ಟಿ ಬಾಗಿಲು ಮುಚ್ಚಿದ್ದಾರೆ. ಡಾಕ್ಟರಿಗೂ ತೆರೆಯೋ ಮನಸ್ಸಿಲ್ಲ.”

ಮಾದಗೌಡ ಅದನ್ನು ಅಲ್ಲಿಂದ ಹಟ್ಟಿಯ ತನಕ ಯೋಚಿಸಿದ. ಬಸ್ಸಿನಲ್ಲಿ ಯೋಚಿಸಿದ, ಕಣಿವೆ ಇಳಿಯುವಾಗ ಯೋಚಿಸಿದ. ತೊರೆ ದಾಟುವಾಗ ನಿಂತು, “ವಾಸನೆ?” ಅಂದ.

“ಊದು.”

ಅವನು ಅವಳ ಮುಖದ ಮೇಲೆ ಊದಿದ.

“ಲವಂಗ,” ಅಂದಳು ಕರಿಯಮ್ಮ.

“ಲವಂಗ ಆಗುತ್ತೆ,” ಅಂದ ಮಾದಗೌಡ. ಅವನು ದೊಡ್ಡ ಹೆಜ್ಜೆ ಹಾಕತೊಡಗಿದ. ಅವಳು ಹಿಂದೆ ಉಳಿದಳು.

ಮನೆ ಮುಟ್ಟಿದಾಗ ಹಾಲು ಕರೆಯುವ ಹೊತ್ತು. ಧರ್ಮಲಿಂಗ ಆಗಲೇ ಕೊಳಗ ಹಿಡಿದು ಹಾಗೊಟ್ಟಿನ ಒಳಗಿದ್ದ. ಮಾದಗೌಡ ಸ್ನಾನ ಮಾಡಿ ಬಂದು ಬಾಗಿಲ ಮುಂದೆ ನಿಂತ. ಚಪ್ಪಲಿ ಬಿಟ್ಟ. ರುಮಾಲು ಬಿಚ್ಚಿ ಮೊಳೆಗೆ ಹಾಕಿದ. ಅಭ್ಯಾಸಬಲದಿಂದ ಕೈ ಸೊಂಟದ ಬೆಳ್ಳಿ ಕಡ್ಡಿಗೆ ಹೋಯಿತು, ಅಲ್ಲಿಂದ ಕೆನ್ನೆಗೆ ಬಂತು. ಜಗಲಿಯಿಂದ ಕರಿಯಮ್ಮ ನೋಡುತ್ತಿದ್ದಳು.

ಕೈ ಕೆಳಗಿಳಿಯಿತು. ಮಾದಗೌಡ ತಲೆ ತಗ್ಗಿಸಿ ಒಳಗೆ ಹೋದ.

ಸ್ವಲ್ಪ ಹೊತ್ತಿಗೆ ಒಳಗಿಂದ, ಕೊಳಗವನ್ನು ಯಾವ ಮೂಲೆಯಲ್ಲಿ ಇಡಬೇಕು ಅನ್ನುವುದರ ಮೇಲೆ ಇಬ್ಬರ ಜಗಳ ಕೇಳಿಸಿತು. ಒಬ್ಬನ ದನಿ ದೊಡ್ಡದು, ಇನ್ನೊಬ್ಬನದು ಅದಕ್ಕಿಂತ ದೊಡ್ಡದು. ಕರಿಯಮ್ಮ ಎದ್ದು ಹೋಗಿ ಗೋಡೆಯ ಗೂಡಿನಲ್ಲಿ ಉಳಿದಿದ್ದ ಒಣಗಿದ ಎಲೆಯನ್ನು ತೆಗೆದು ಒಲೆಗೆ ಹಾಕಿದಳು. ಆಮೇಲೆ ಬುಟ್ಟಿಯಿಂದ ಒಂದು ಹಿಡಿ ಅವರೆ ತಂದು ಹುರಿಯಲು ಇಟ್ಟಳು, ಗರಿಗರಿಯಾಗಿ, ತನಗೆ ಮಾತ್ರ.